ನಿಲ್ಲದ ಇದ್ದಿಲು ಬಸ್ಸು

ಹೊಸಮನೆ ಬಡಾವಣೆಯ ನಮ್ಮ ಬೀದಿಗೆ ಇಸ್ತ್ರಿ ಗಾಡಿಯವನು ಬಂದು ಇದ್ದಿಲಿಗೆ ಬೆಂಕಿ ಹಾಕಿದರೆ ಆ ವಾಸನೆ ಅಡುಗೆಮನೆಯವರೆಗೂ ಬರುತ್ತದೆ. ಸೊಸೆ ಕಿಟಕಿ ಮುಚ್ಚುತ್ತಾಳೆ, ನಾನು ತೆಗೆಯುತ್ತೇನೆ. ಕಾರಣ ಹೇಳಿಲ್ಲ. ಹೇಳಿದರೆ ಈ ವಯಸ್ಸಿನಲ್ಲಿ ಅತ್ತೆಗೆ ಬಸ್ ಡ್ರೈವರ್ ನೆನಪೇ ಎಂದು ನಕ್ಕಾಳು.

ಯುದ್ಧದ ಕಾಲ ಅದು. ಪೆಟ್ರೋಲು ಸಿಗುತ್ತಿರಲಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನ ಬೆನ್ನಿಗೆ ದೊಡ್ಡ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದವಳು, ತವರು ಭದ್ರಾವತಿ. ಹಾಗಾಗಿ ಆ ಡ್ರೈವರ್ ನನಗೆ ಎಷ್ಟೋ ನೆಂಟರಿಗಿಂತ ಗುರುತಿನವರಾಗಿದ್ದರು.

ಬಸ್ಸು ನಿಲ್ಲಿಸುವುದೆಂದರೆ ಅವರಿಗೆ ಪ್ರಾಣಸಂಕಟ. ನಿಂತರೆ ಬೆಂಕಿ ಮಂಕಾಗುತ್ತಿತ್ತು. ಮತ್ತೆ ಎಬ್ಬಿಸಲು ಕಂಡಕ್ಟರ್ ಹಿಂದೆ ಹೋಗಿ ಡ್ರಮ್ಮಿಗೆ ಗಾಳಿ ಊದುವ ಗಾಳಿಚಕ್ರ ತಿರುಗಿಸಬೇಕು, ಇದ್ದಿಲು ದಂಡ. ಶಿವಮೊಗ್ಗದ ಬಜಾರಿನಲ್ಲೋ ಎತ್ತಿನಗಾಡಿ, ಜಟಕಾ, ಅಡ್ಡ ಮಲಗಿದ ದನ, ಹೆಜ್ಜೆಗೊಮ್ಮೆ ನಿಲ್ಲುವ ಪಾಡು. ಅದಕ್ಕೆ ಅವರು ಹೂಡಿದ ಉಪಾಯಗಳು ಒಂದೆರಡಲ್ಲ. ಕಂಡಕ್ಟರನ ಕೈಗೆ ಹಳೆಯ ಶಾಲೆಯ ಗಂಟೆ ಕೊಟ್ಟು, ದಾರಿ ಬಿಡಿಸಲು ಬಸ್ಸಿನ ಮುಂದೆ ಓಡಿಸುತ್ತಿದ್ದರು. ಹತ್ತುವವರು, ಇಳಿಯುವವರು ಉರುಳುವ ಬಸ್ಸಿನಲ್ಲೇ ಅದನ್ನು ಮುಗಿಸಬೇಕು. ಏರು ಬಂದರೆ ಎಲ್ಲರೂ ಮುಂದಕ್ಕೆ ಬಗ್ಗಬೇಕು. ಅಡಿಕೆ ಸಾಹುಕಾರರಿಂದ ಹಿಡಿದು ಮೀನಿನ ಬುಟ್ಟಿಯವಳ ತನಕ ಎಲ್ಲರೂ ಬಗ್ಗುತ್ತಿದ್ದೆವು. ಅದರಿಂದ ಒಂದು ಕೆಂಡವಾದರೂ ಉಳಿಯುತ್ತಿತ್ತೋ ಇಲ್ಲವೋ... ಬಗ್ಗದಿದ್ದರೆ ಮಾತ್ರ ಏನೋ ತಪ್ಪಿದ ಹಾಗೆ ಅನ್ನಿಸುತ್ತಿತ್ತು.

ನನ್ನ ತವರುಮನೆ ರಸ್ತೆಯ ಬದಿಗೇ ಇತ್ತು. ಅಲ್ಲೊಂದು ಸಲ ನಿಲ್ಲಿಸಿ ಎಂದು ಎಷ್ಟು ಬೇಡಿದರೂ ಅವರು ಜಗ್ಗಲಿಲ್ಲ.

"ನಿನ್ ಮನೆ ಮುಂದೆ ನಿಲ್ಸಿದ್ರೆ ಊರೋರೆಲ್ಲ ಅವ್ರವ್ರ ಮನೆ ಮುಂದೇ ಇಳೀತೀವಿ ಅಂತಾರೆ, ಮಾರಾಯ್ತಿ."

ಅಪ್ಪ ಜಗಲಿಯಲ್ಲಿ ಕಾಯುತ್ತಿದ್ದರು. ಬಸ್ಸು ಕಂಡೊಡನೆ ಎದ್ದು ಬಂದು, ಪಕ್ಕದಲ್ಲೇ ದಾಪುಗಾಲು ಹಾಕುತ್ತ, ಕೈಹಿಡಿದು ನನ್ನನ್ನು ಇಳಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಅಪ್ಪನಿಗೆ ಕಾಯಿಲೆ ತೀರಾ ಜೋರಾಗಿದೆ, ಬೇಗ ಬರಬೇಕಂತೆ ಎಂದು ಸುದ್ದಿ ಬಂತು. ಬಸ್ಸು ಹತ್ತುವಾಗ ಡ್ರೈವರಿಗೆ ಅಷ್ಟನ್ನೇ ಹೇಳಿದೆ. ಅವರು ಹಿಂದಕ್ಕೆ ತಿರುಗಿ, ಎಲ್ಲರೂ ಬಗ್ಗಿ ಎಂದರು. ಸಪಾಟು ರಸ್ತೆಯಲ್ಲೂ ಬಗ್ಗಿಯೇ ಕೂತಿದ್ದೆವು. ನನಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಮುಂದಿನ ಸೀಟಿನ ಮೊಳೆಯನ್ನು ನೋಡುತ್ತಿದ್ದೆ. ಇವತ್ತು ಕೈಹಿಡಿದು ಇಳಿಸಿಕೊಳ್ಳಲು ಅಪ್ಪ ಇರುವುದಿಲ್ಲ, ಹೇಗೆ ಇಳಿಯಲಿ ಎಂದಷ್ಟೇ ಯೋಚಿಸುತ್ತಿದ್ದ ನೆನಪು.

ಬಸ್ಸು ನಿಂತಿತು. ಎಂಜಿನ್ನೂ ನಿಂತಿತು. ಡ್ರಮ್ಮು ಕೆಟ್ಟಿತೇನೋ ಎಂದುಕೊಂಡು ನಾನು ಬಗ್ಗಿಯೇ ಕೂತಿದ್ದೆ. ಡ್ರೈವರ್ ಸುತ್ತಿ ಬಂದು ಬಾಗಿಲಲ್ಲಿ ಕೈಚಾಚಿದರು.

"ಇಳಿಯಮ್ಮ. ನಿಧಾನ."

ಇಳಿದ ಮೇಲೆ ಕಂಡಿತು. ನಮ್ಮ ಮನೆಯ ಮುಂದೆ ಬೆಂಕಿ ಹಾಕಿದ್ದರು. ಸಾವಿನ ಮನೆಯ ಬೆಂಕಿ. ಮುಂದಿನ ಗಾಜಿನಿಂದ ಅವರಿಗೆ ಅದು ಮೊದಲೇ ಕಂಡಿತ್ತು.

ನಾನು ಒಳಗೆ ಹೋಗಿ ಅಪ್ಪನ ಹತ್ತಿರ ಕೂತೆ. ಹೊರಗೆ ಗಾಳಿಚಕ್ರ ತಿರುಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾನು ಅದನ್ನೇ ಕೇಳುತ್ತಿದ್ದೆ.

ಯುದ್ಧ ಮುಗಿಯಿತು, ಬಸ್ಸಿನ ಡ್ರಮ್ಮು ಬಿಚ್ಚಿದರು. ಡ್ರೈವರ್ ಎದೆಗೆ ಹೊಗೆ ಕಟ್ಟಿಕೊಂಡು ತೀರಿಹೋದರಂತೆ. ಸುದ್ದಿ ನನಗೆ ತಲುಪಿದ್ದು ತಡವಾಗಿ... ಕೈಹಿಡಿದು ಇಳಿಸಿದವರು ಇಬ್ಬರೂ ಇಲ್ಲ.

ಮೊನ್ನೆ ಆಲ್ಕೊಳ ಸರ್ಕಲ್ಲಿನ ಗದ್ದಲದಲ್ಲಿ ನಮ್ಮ ಆಟೋ ಸಿಕ್ಕಿಕೊಂಡಿತು. ನಿಂತಲ್ಲಿ ಯಾಕೆ ಪೆಟ್ರೋಲು ಸುಡೋದು ಅಜ್ಜಿ ಎಂದು ಆಟೋದವನು ಎಂಜಿನ್ ಆರಿಸಿದ. ಸರಿ ಎಂದೆ. ಸದ್ದು ನಿಂತೊಡನೆ ತಲೆ ಹೊರಗೆ ಹಾಕಿ ರಸ್ತೆಬದಿಯ ಬಾಗಿಲುಗಳನ್ನೆಲ್ಲ ನೋಡಿದೆ. ಯಾವ ಮನೆಯ ಮುಂದೆಯೂ ಬೆಂಕಿ ಇರಲಿಲ್ಲ.