ಬೀರೂರಿನಲ್ಲಿ ಇಳಿದರೆ ಕೆಂಪು ಕೋಟೆ

ಕಳೆದ ವಾರ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ನಾನೊಂದು ಎಡವಟ್ಟು ಮಾಡಿದೆ. ಬೀರೂರಿಗೆ ಹೋಗಲು ಬಸ್ ಹತ್ತಿ ಕೂತಿದ್ದೆ. ಕಂಡಕ್ಟರ್ ಬಂದು "ಎಲ್ಲಿಗಮ್ಮಾ?" ಅಂದ. ಕಿಟಕಿಯಾಚೆ ನೋಡುತ್ತಿದ್ದ ನಾನು "ಒಂದು ಕೆಂಪು ಕೋಟೆ" ಅಂದುಬಿಟ್ಟೆ.

ನಾನು ಚಾಚಿದ ಆಧಾರ್ ಕಾರ್ಡನ್ನು ಆತ ತಿರುಗಿಸಿ ನೋಡಿದ. "ಅಷ್ಟು ದೂರ ಫ್ರೀ ಇಲ್ಲ ಕಣಮ್ಮಾ. ಈ ಆಧಾರ್ ಕಾರ್ಡು ಕರ್ನಾಟಕದೊಳಗೆ ಮಾತ್ರ ನಡೆಯೋದು!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಪಕ್ಕದ ಸೀಟಿನ ಹೆಂಗಸು, "ಪಾಪ, ಯೋಚ್ನೆ ಎಲ್ಲೋ ಇತ್ತು ಕಣ್ರೀ" ಎಂದು ನನ್ನ ಪರವಾಗಿ ಸಮಜಾಯಿಷಿ ಕೊಟ್ಟಳು.

ಎಲ್ಲೋ ಇರಲಿಲ್ಲ. ಸರಿಯಾಗಿ ಅಲ್ಲೇ ಇತ್ತು. ನಮ್ಮ ಮನೆಯ ಲೆಕ್ಕದಲ್ಲಿ ಬೀರೂರು ಅಂದರೆ ಕೆಂಪು ಕೋಟೆಯೇ.

ನಮ್ಮ ಮನೆಯವರು ಕಡೂರು, ತರೀಕೆರೆ, ಅಜ್ಜಂಪುರ ಎಂದು ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಕೆಲಸ ಬಿಟ್ಟ ಮೇಲೆ ಅವರಿಗೆ ದೆಹಲಿಯ ಹುಚ್ಚು ಹಿಡಿಯಿತು. ಸಂಜೆ ಕಾಫಿ ಆದಮೇಲೆ ಜಗಲಿಯಲ್ಲಿ ಕೂತು ಫೋನಿನಲ್ಲಿ ದೆಹಲಿಯ ಮ್ಯಾಪ್ ತೆಗೆಯುವುದು, ಬೆರಳಿನಲ್ಲಿ ಬೀದಿ ಬೀದಿ ಸುತ್ತುವುದು. ಒಂದೊಂದು ಸಿಗ್ನಲ್ ದಾಟಿದಾಗಲೂ ಬಾಯಲ್ಲಿ "ರೈಟ್, ರೈಟ್". (ಅಭ್ಯಾಸ!)

ಕಿಲೋಮೀಟರ್ ಹೇಳಿದರೆ ನನ್ನ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೆ ಅವರು ದೆಹಲಿಯನ್ನೇ ಎತ್ತಿ ತಂದು ನಮ್ಮ ತಾಲ್ಲೂಕಿನ ಮೇಲೆ ಹಾಸಿದರು. "ನೋಡೇ, ಇಂಡಿಯಾ ಗೇಟು ಅಂದ್ರೆ ನಮ್ಮ ಕಡೂರು ಅಂದ್ಕೋ. ಕೆಂಪು ಕೋಟೆ ಬೀರೂರು. ದೊಡ್ಡ ಮ್ಯೂಸಿಯಂ ಇಲ್ಲೇ, ನಮ್ಮ ರೈಲ್ವೆ ಸ್ಟೇಷನ್ ಹತ್ರ. ಕುತುಬ್ ಮಿನಾರ್ ಸಖರಾಯಪಟ್ಟಣ."

"ಅಲ್ಲಿನ ಟ್ರಾಫಿಕ್‌ಗೆ ಅದು ಅಜ್ಜಂಪುರದಷ್ಟು ದೂರ ಆಗುತ್ತೆ ಕಣ್ರೀ" ಅಂತ ನಾನು.

"ಕಂಡಕ್ಟರ್ ನಾನೋ ನೀನೋ?"

ದಿನವೂ ಇದೇ ಜಗಳ. ಎಂಥ ಸುಖದ ಜಗಳ ಅಂತೀರಿ!

ನನಗೆ ಕೋಟೆ ನೋಡುವ ಆಸೆ. ಅವರಿಗೆ ಮ್ಯೂಸಿಯಂ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಜೀವಮಾನವೆಲ್ಲಾ ಮುಂದೆ ಹೋಗಿ, ಮುಂದೆ ಹೋಗಿ ಅಂತ ಜನಾನ ತಳ್ಳಿದೀನಿ. ಒಂದ್ಸಲ ಒಂದೇ ವಿಗ್ರಹದ ಮುಂದೆ ಸುಮ್ನೆ ನಿಂತ್ಕೋಬೇಕು. ಯಾರೂ ಹಿಂದ್ಗಡೆಯಿಂದ ತಳ್ಳಬಾರ್ದು" ಅಂದಿದ್ದರು.

ಕಳೆದ ಶ್ರಾವಣದಲ್ಲಿ ಅವರು ಹೋದರು. ದೆಹಲಿಗಲ್ಲ.

ಅವರ ಅಂಗಿಗಳನ್ನು ಕೊಟ್ಟೆ. ಚಪ್ಪಲಿ ಕೊಟ್ಟೆ. ಸತ್ತವರ ವಸ್ತುಗಳನ್ನು ಏನು ಮಾಡಬೇಕೆಂದು ಹೇಳಿಕೊಡಲು ಊರಿನ ತುಂಬ ಜನರಿದ್ದಾರೆ. ಅವರು ಹಾಕಿಟ್ಟ ಪ್ಲಾನನ್ನು ಏನು ಮಾಡಬೇಕು? ಅದನ್ನು ಯಾರಿಗೆ ಕೊಡುವುದು?

ಹಾಗಾಗಿ ನಾನೇ ಇಟ್ಟುಕೊಂಡೆ. ಈಗ ನಾನು ಸಖರಾಯಪಟ್ಟಣದ ಬಸ್ಸಿನಲ್ಲಿ ಕೂತರೆ ತೆಂಗಿನ ತೋಟಗಳ ನಡುವೆ ಕುತುಬ್ ಮಿನಾರ್ ಎದ್ದು ನಿಂತಿರುತ್ತದೆ. ಗರಿಗಳು ಅದರ ಸೊಂಟಕ್ಕೆ ತಾಗುತ್ತಿರುತ್ತವೆ. ಬೀರೂರಿನ ಬಸ್ಸಿನಲ್ಲಾದರೆ ಊರು ಹತ್ತಿರವಾದಂತೆ ಸಂಜೆಬಿಸಿಲಿನಲ್ಲಿ ಗೋಡೆಗಳೆಲ್ಲ ಕೆಂಪಾಗುತ್ತವೆ. ಅದೊಂದು ಮಂಪರು. ಅದರಲ್ಲಿ ಅವರು ನನ್ನ ಪಕ್ಕದಲ್ಲೇ ಇರುತ್ತಾರೆ, ಟಿಕೆಟ್ ಹರಿಯದೆ, ಪ್ಯಾಸೆಂಜರ್ ಆಗಿ.

ಬಸ್ಸಿನ ಪ್ರಸಂಗವಾದ ಎರಡು ದಿನಕ್ಕೆ ತರೀಕೆರೆಯಿಂದ ತಂಗಿ ಮಂಗಳಾ ಫೋನ್ ಮಾಡಿದಳು. "ಅಕ್ಕಾ, ಭಾವಂದು ವರ್ಷ ತುಂಬಿದ್ಮೇಲೆ ನಾನೂ ನಮ್ಮನೆಯವ್ರೂ ದೆಹಲಿಗೆ ಹೊರಟಿದೀವಿ. ನೀನೂ ಬಾ. ಭಾನುವಾರದೊಳಗೆ ಹೇಳು, ರೈಲು ಬುಕ್ ಮಾಡ್ಬೇಕು."

ನಿಜವಾದ ದೆಹಲಿಯನ್ನು ಕಣ್ಣಾರೆ ಕಂಡಮೇಲೆ ನಮ್ಮ ದೆಹಲಿ ಉಳಿಯುತ್ತದೆಯೇ? ಉಳಿಯದಿದ್ದರೆ ಪಕ್ಕದ ಸೀಟಿನ ಮನುಷ್ಯ ಎಲ್ಲಿಗೆ ಹೋಗಬೇಕು?

ಮಂಗಳಾ ಮಾತು ಮುಂದುವರಿಸಿದಳು. "ಮ್ಯೂಸಿಯಂ ಬಿಟ್ಬಿಡೋಣ. ಮಡಕೆ ಚೂರು ನೋಡೋಕೆ ಅರ್ಧ ದಿನ ಯಾಕೆ? ಸೀರೆ ಅಂಗಡಿಗೆ ಹೋಗೋಣ."

"ನಾನು ಬರಲ್ಲ" ಎಂದು ಫೋನ್ ಇಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಅವಳು ಬಾಗಿಲಲ್ಲಿದ್ದಳು. ಚೀಲ ಕೂಡ ಕೆಳಗಿಡಲಿಲ್ಲ. "ಏನೇ ನಿಂದು? ಮ್ಯೂಸಿಯಂ ಬೇಡ ಅಂದಿದ್ದಕ್ಕೆ ಟೂರೇ ಬೇಡವಾ?"

"ಅವರು ಹಾಕಿದ ಪ್ಲಾನ್ ಅದು. ಒಂದು ಸ್ಟಾಪೂ ಬಿಡಕೂಡದು."

"ಭಾವ ಒಂದಿನ ಆದ್ರೂ ಒಂದೇ ಪ್ಲಾನ್ ಹೇಳಿದ್ರೇನೆ? ನಮ್ಮನೆಗೆ ಬಂದಾಗ ಮ್ಯೂಸಿಯಂ ಮೊದ್ಲು ಅಂದ್ರು. ಊಟ ಆದ್ಮೇಲೆ ಕುತುಬ್ ಮಿನಾರ್ ಮೊದ್ಲು ಅಂದ್ರು. ಎಲೆಅಡಿಕೆ ಹಾಕ್ಕೊಳ್ಳೋ ಹೊತ್ಗೆ ಆಗ್ರಾನೂ ಸೇರಿಸಿದ್ರು!"

ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಮಂಗಳಾ ಹೇಳಿದ್ದು ನಿಜವಾಗಿತ್ತು. ಅವರಿದ್ದಾಗ ಒಂದು ಸಂಜೆಯ ಪ್ಲಾನು ಮರುಸಂಜೆಗೆ ಇರುತ್ತಿರಲಿಲ್ಲ. ಬದಲಾಯಿಸುವುದೇ ಅದರ ರುಚಿ. ಅವರು ಹೋದ ಮೇಲೆ ನಾನು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಯಾರೂ ಮುಟ್ಟಬೇಡಿ ಎಂದು ಬೋರ್ಡು ತೂಗುಹಾಕಿದ್ದೆ. ನಾವೆಲ್ಲ ಹೀಗೇ ಅಲ್ಲವೇ? ಹೋದವರ ಮಾತು ಅವರು ಬದುಕಿದ್ದಾಗ ಎಂದೂ ಇಲ್ಲದಷ್ಟು ಗಟ್ಟಿಯಾಗಿಬಿಡುತ್ತದೆ. ಅವರಿಗೆ ಮನಸ್ಸು ಬದಲಾಯಿಸುವ ಅವಕಾಶವನ್ನೂ ನಾವು ಕೊಡುವುದಿಲ್ಲ.

ಮುಖ ತೊಳೆದುಕೊಂಡು ಬಂದು ಜಗಲಿಯಲ್ಲಿ ಕೂತೆ. "ಫೋನ್ ತೆಗಿ. ಕುತುಬ್ ಮಿನಾರ್ ಬೇಕಾದ್ರೆ ಬಿಡೋಣ, ಮ್ಯೂಸಿಯಂ ಇರಲಿ. ನೀವಿಬ್ರೂ ಸೀರೆ ಅಂಗಡಿಗೆ ಹೋಗ್ಬನ್ನಿ, ನಾನು ಅಲ್ಲೇ ನಿಂತಿರ್ತೀನಿ."

"ಒಬ್ಳೇನಾ? ಎಷ್ಟೊತ್ತು?"

"ನನಗೆ ಸಾಕು ಅನ್ನಿಸೋವರ್ಗೂ."

ಮಂಗಳಾ ಚೀಲ ಕೆಳಗಿಟ್ಟು ಫೋನ್ ತೆಗೆದಳು. ಸಂಜೆಯವರೆಗೆ ಕೂತು ಪ್ಲಾನನ್ನು ನಾಲ್ಕು ಸಲ ತಲೆಕೆಳಗು ಮಾಡಿದೆವು. ಕುತುಬ್ ಮಿನಾರ್ ಹೊರಗೆ ಹೋಗಿ ಮತ್ತೆ ಒಳಗೆ ಬಂತು. ಭಾನುವಾರ ರೈಲೂ ಬುಕ್ ಆಯಿತು.

ಹೋಗಿ ನೋಡುತ್ತೇನೆ. ಆದರೆ ಅಲ್ಲಿನ ಟ್ರಾಫಿಕ್ಕಿನಲ್ಲಿ ಕುತುಬ್ ಮಿನಾರ್ ನಿಜಕ್ಕೂ ಅಜ್ಜಂಪುರದಷ್ಟು ದೂರವಾಗಿಬಿಟ್ಟರೆ, "ನಾನು ಹೇಳಿರ್ಲಿಲ್ವಾ?" ಎಂದು ಯಾರ ಮುಖ ನೋಡಿ ಕೇಳಲಿ?