ಎಡಭುಜದವನ ಕಲಂ

ಇವತ್ತು ಬೆಳಿಗ್ಗೆ ಓಣಿಯಲ್ಲಿ ನವಸಾಗರದ ಹೊಗೆಯ ವಾಸನೆ ಬಂತು. ಪಾತ್ರೆಗೆ ತವರ ಬಳಿಯುವ ಕಲಾಯಿಯವನು! ಮನೆಮನೆಯೂ ಸ್ಟೀಲಾಗಿರುವ ಈ ಕಾಲದಲ್ಲಿ ಅವನಿಗೆ ತಾಮ್ರದ ಪಾತ್ರೆಗಳು ಎಲ್ಲಿ ಸಿಗುತ್ತವೋ. ನನಗಂತೂ ಆ ವಾಸನೆ ಮೂಗಿಗೆ ಬಿದ್ದರೆ ಚಿತ್ತಾಪುರದ ಹುಸೇನ್‌ಬಿ ಖಾಲಾ ನೆನಪಾಗುತ್ತಾಳೆ, ಜೊತೆಗೆ ನನ್ನ ದಡ್ಡತನವೂ.

ನಾನು ಆ ಊರಿಗೆ ಸೊಸೆಯಾಗಿ ಹೋದಾಗ ನಿಜಾಮರ ಆಳಿಕೆ ಮುಗಿದು ಎರಡು ವರ್ಷವಾಗಿತ್ತು. ಅದು ಮುಗಿದ ಗದ್ದಲದ ದಿನಗಳಲ್ಲಿ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಪಕ್ಕದ ಮನೆಯ ಖಾಲಾ ಮಕ್ಕಳನ್ನು ಕಟ್ಟಿಕೊಂಡು ಶಹಾಬಾದಿನ ತಮ್ಮನ ಮನೆ ಸೇರಿದ್ದಳಂತೆ. ತಿರುಗಿ ಬಂದಾಗ ಮನೆಯಲ್ಲಿ ಉಳಿದದ್ದು ಹಾಸುಗಲ್ಲು ಮಾತ್ರ. ಹೋದದ್ದರಲ್ಲಿ ತಾಯಿಯ ತಾಮ್ರದ ದೇಗ್ಚಿಯೂ ಒಂದು. ಆ ದೊಡ್ಡ ಪಾತ್ರೆಯ ಮಾತು ಬಂದರೆ ಅವಳ ಕಣ್ಣು ತುಂಬುತ್ತಿತ್ತು.

ಒಯ್ದವರಿಗೆ ಶಾಪ ಹಾಕುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಸಾಸಿವೆ ಕಾಳಿನಷ್ಟು ಪಾಪವೂ ಕಯಾಮತ್ತಿನ ದಿನ, ಕೊನೆಯ ತೀರ್ಪಿನ ದಿನ, ಅಲ್ಲಾಹನ ತಕ್ಕಡಿಗೆ ಬರುತ್ತದೆ, ನಡುವೆ ತನ್ನ ಶಾಪ ಯಾಕೆ ಎಂದಳು. ಆಮೇಲೆ ನನ್ನ ಭುಜ ಮುಟ್ಟಿದಳು. “ಬಲಗಡಿ ಫರಿಷ್ತಾ ಪುಣ್ಯ ಲಗೂನ ಬರೀತಾನ ಬೇಟಿ. ಎಡಗಡಿಯವ ಪಾಪ ಬರಿಯಾವ. ಅವ ಕಲಂ ಎತ್ತಿ ಹಿಡಕೊಂಡು ತಡೀತಾನ, ತಪ್ಪಾತು ಅಂತ ತೋಬಾ ಮಾಡ್ತಾರೇನೋ ಅಂತ ದಾರಿ ನೋಡ್ತಾನ.” ದೇವದೂತನಿಗೂ ಇಷ್ಟು ದಾಕ್ಷಿಣ್ಯವೇ ಎಂದು ನಾನು ನಕ್ಕಿದ್ದೆ.

ಅತ್ತೆ ಸೇಡಮ್ಮಿಗೆ ಹೋಗಿದ್ದ ದಿನ ಕಲಾಯಿಯವನು ಬಂದ. ಶಹಬ್ಬಾಸ್ ಅನ್ನಿಸಿಕೊಳ್ಳುವ ಹುಚ್ಚಿನ ಹೊಸ ಸೊಸೆ ನಾನು. ಅಡುಗೆಮನೆಯ ಪಾತ್ರೆಗಳ ಜೊತೆಗೆ ಅಟ್ಟ ಹತ್ತಿ, ಗೋಣಿಯಲ್ಲಿ ಸುತ್ತಿಟ್ಟಿದ್ದ ಪಾತ್ರೆಯೊಂದನ್ನೂ ಎಳೆದು ತಂದು ಓಣಿಯ ನಡುವೆ ಇಟ್ಟೆ. ಅವನು ಉಜ್ಜಿ, ಅಂಚಿನಲ್ಲಿ ಕೊರೆದಿದ್ದ ಉರ್ದು ಹೆಸರನ್ನು ಜೋರಾಗಿ ಓದಿದ: ರಹಮತ್‌ಬಿ. ಖಾಲಾಳ ತಾಯಿಯ ಹೆಸರು. ನೆರೆದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು.

“ನಾನ ಕೊಟ್ಟೀನಿ,” ಎಂದಳು ಆ ಗುಂಪಿನಲ್ಲೇ ಇದ್ದ ಖಾಲಾ. “ಅವರ ಮನ್ಯಾಗ ದೊಡ್ಡ ಅಡಗಿ ಇತ್ತು. ಛಲೋ ಕಲಾಯಿ ಮಾಡಪ್ಪಾ.” ಒಂದು ಗಳಿಗೆ ಆ ಹೆಸರಿನ ಮೇಲೆ ಬೆರಳಾಡಿಸಿ, ಪಾತ್ರೆಯನ್ನು ನನ್ನ ಕಡೆಗೇ ಸರಿಸಿದಳು.

ಸಂಜೆ ಸುದ್ದಿ ಕೇಳಿ ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಬೀಗ ಒಡೆದಿದ್ದ ಖಾಲಾಳ ಮನೆಯಿಂದ ಪಾತ್ರೆಯನ್ನು ಕಾಪಾಡಲೆಂದೇ ತಂದಿದ್ದಳಂತೆ. ಆಮೇಲೆ ಆಸೆಯಾಯಿತೋ ಅಂಜಿಕೆಯಾಯಿತೋ, ತನ್ನಲ್ಲಿದೆ ಎನ್ನಲು ಬಾಯಿ ಬರಲಿಲ್ಲವಂತೆ. ಪಾತ್ರೆಯನ್ನು ಖಾಲಿ ಮರಳಿಸಬಾರದಲ್ಲ. ಮರುದಿನ ಅದರ ತುಂಬ ಗೋಧಿ ಹುಗ್ಗಿ ಮಾಡಿದಳು. ಖಾಲಾ ತಿರುಗಿ ಬಂದ ಮೇಲೆ ಎಂದೂ ತುಳಿಯದಿದ್ದ ಅವಳ ಹೊಸ್ತಿಲನ್ನು ತಾನೇ ದಾಟಿದಳು. ಪಾತ್ರೆಯನ್ನು ಖಾಲಾಳ ಮುಂದಿಟ್ಟು ತಪ್ಪಾಯಿತು ಎಂದಳು.

ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಕಡಿಂದ ಮಾಫ್ ಅದ ಅಕ್ಕಾರ. ಎರಡು ವರ್ಷ ಕಲಂ ಎತ್ತಿ ಹಿಡಿದು ನಿಮ್ಮ ಎಡಗಡಿಯವನ ಕೈ ಎಷ್ಟು ನೋಯ್ಲಿಕತ್ತಿತ್ತೋ, ಇಳಸ್ಲಿ ಬಿಡ್ರಿ. ಈಗ ನನ್ನ ಎಡಗಡಿಯವಂದ ಚಿಂತಿ. ನಿನ್ನಿ ನಡು ಓಣ್ಯಾಗ ನಿಂತು ಸುಳ್ಳ ಹೇಳೀನಿ.” ಮೂವರೂ ನಕ್ಕೆವು, ಅತ್ತೆ ಅಳುತ್ತಲೇ. ಅಂಥ ಜೀವವನ್ನು ನಾನು ಮತ್ತೆ ಕಂಡಿಲ್ಲ.

ಇವತ್ತಿನ ಹೊಗೆ ಕರಗಿತು. ಮೊನ್ನೆ ಬೆಳ್ಳಿಯ ವಿಭೂತಿ ಬಟ್ಟಲು ಕಾಣದಿದ್ದಾಗ ಮನೆಗೆಲಸದ ಶಾಂತಮ್ಮನಿಗೆ ಆಡಬಾರದ ಮಾತು ಆಡಿದ್ದೆ. ಬಟ್ಟಲು ಅಂದೇ ನನ್ನ ಟ್ರಂಕಿನಲ್ಲಿ ಸಿಕ್ಕಿತು, ದೊಡ್ಡವಳಲ್ಲವೇ, ಸುಮ್ಮನಿದ್ದೆ. ಅವಳು ಈಗ ಅಂಗಳದಲ್ಲಿ ಕಸ ಗುಡಿಸುತ್ತಿದ್ದಳು. ನಗಬೇಡಿ, ನನ್ನ ಎಡಭುಜ ಯಾಕೋ ಭಾರವಾಗಿತ್ತು. ಒಳಗೆ ಬಾ ಎಂದು ಕರೆಯಲು ಬಾಯಿ ತೆರೆದವಳು, ಹಾಗೆ ಕರೆಯುವುದು ಸರಿಯಲ್ಲವೆನಿಸಿ, ಬಟ್ಟಲು ಹಿಡಿದು ನಾನೇ ಅಂಗಳಕ್ಕಿಳಿದೆ.