ಗೌರತ್ತೆ ಪಳಗಿಸಿದ ಕಾವಲಿಗಳು

ಮೊನ್ನೆ ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಲ್ಲಿ ಎಳ್ಳುಂಡೆಗೆಂದು ಬೆಲ್ಲದ ಪಾಕ ಇಟ್ಟು ಫೋನಿನಲ್ಲಿ ಹರಟೆಗೆ ನಿಂತೆ. ಪಾಕ ತಳ ಹಿಡಿಯಿತು. ಆ ಸಿಹಿಗಮಟು ಮೂಗಿಗೆ ಬಡಿದದ್ದೇ ತಡ, ನಾನು ಭದ್ರಾವತಿಯ ನಮ್ಮ ಹಿತ್ತಲಲ್ಲಿದ್ದೆ. ಅಲ್ಲಿ ಅಪ್ಪಾಜಿಯ ಫೌಂಡ್ರಿ ಇತ್ತು. ಫೌಂಡ್ರಿ ಎಂದರೆ ದೊಡ್ಡದೇನಲ್ಲ, ತಗಡಿನ ಶೆಡ್ಡು, ಒಂದು ಕುಲುಮೆ, ನಾಲ್ಕಾರು ಜನ. ಅಚ್ಚಿನ ಮರಳು ಗಟ್ಟಿಯಾಗಿ ನಿಲ್ಲಲೆಂದು ಅದಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಕಲಸುತ್ತಿದ್ದರು. ಕಾದ ಕಬ್ಬಿಣ ಸುರಿದಾಗ ಅದು ಸುಟ್ಟು, ಬೆಲ್ಲ ಸೀದ ವಾಸನೆ ಮನೆಯಿಡೀ ತುಂಬುತ್ತಿತ್ತು. ನನ್ನ ಯೂನಿಫಾರ್ಮಿಗೂ ಅದೇ ವಾಸನೆ. ಕಾಗದನಗರದಿಂದ ಬರುತ್ತಿದ್ದ ಹುಡುಗಿಯರು ಮೂಗು ಮುಚ್ಚಿಕೊಂಡರೆ, "ನಿಮ್ಮ ಪೇಪರ್ ಮಿಲ್ಲಿನ ನಾತಕ್ಕಿಂತ ವಾಸಿ ಕಣ್ರೇ, ನಮ್ದು ಬೆಲ್ಲದ್ದು" ಎಂದು ನಾನೂ ಬಿಡುತ್ತಿರಲಿಲ್ಲ. ಈಗ ಅಲ್ಲಿ ಯಾರದೋ ಕಾರು ತೊಳೆಯುವ ಅಂಗಡಿ ಇದೆಯಂತೆ, ನಾನು ಹೋಗಿ ನೋಡಿಲ್ಲ.

ನಮ್ಮಲ್ಲಿ ಮುಖ್ಯವಾಗಿ ಆಗುತ್ತಿದ್ದದ್ದು ಬೀಡಿನ, ಅಂದರೆ ಎರಕದ ಕಬ್ಬಿಣದ, ದೋಸೆ ಕಾವಲಿ. ಅಚ್ಚು ಕಟ್ಟುವವನು ಸೆಲ್ವಣ್ಣ, ಮನೆಮಾತು ತಮಿಳು, ಬೈಗುಳ ಮಾತ್ರ ಅಚ್ಚ ಕನ್ನಡ. ಕಾವಲಿ ಪಳಗಿಸುವವಳು ಅಪ್ಪಾಜಿಯ ಅಕ್ಕ, ನಮ್ಮ ಗೌರತ್ತೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು. ಹೊಸ ಕಾವಲಿಯನ್ನು ಗಂಜಿಯಲ್ಲಿ ನೆನೆಸಿ, ತೊಳೆದು, ಹರಳೆಣ್ಣೆ ಸವರಿ, ಕಾಯಿಸಿ, ಈರುಳ್ಳಿ ಹೋಳಿನಿಂದ ಉಜ್ಜಿ, ಒಂದು ದೋಸೆ ಹುಯ್ದು, ಅದು ಎದ್ದರೆ ಮಾತ್ರ ಮಾಲು ಅಂಗಡಿಗೆ. ಏಳದಿದ್ದರೆ ಮತ್ತೆ ಮೊದಲಿಂದ. ಬೇರೆ ಫೌಂಡ್ರಿಯವರಿಗೆ ಈ ಉಸಾಬರಿ ಬೇಕಿರಲಿಲ್ಲ. ನಮ್ಮ ಕಾವಲಿಯ ಹೆಸರು ನಿಂತದ್ದೇ ಇದರ ಮೇಲೆ.

ಆಮೇಲೆ ಬಂತು ನೋಡಿ, ನಾನ್‌ಸ್ಟಿಕ್ಕು. ಹಗುರ, ಹೊಳಪು, ಮೊದಲನೆಯ ದೋಸೆಯೇ ಜಾರಿಕೊಂಡು ತಟ್ಟೆಗೆ. ಅಂಗಡಿಯವರು ನಮ್ಮ ಮಾಲು ಇಳಿಸಿಕೊಳ್ಳುವುದನ್ನೇ ಬಿಟ್ಟರು. ಅಪ್ಪಾಜಿ ಸಹಾಯ ಕೇಳಿಕೊಂಡು ಶಿವಮೊಗ್ಗದ ಕೈಗಾರಿಕಾ ಕಚೇರಿಗೆ ಓಡಾಡಿದರು. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ಕೂರಿಸಿ ಕಾಫಿ ಕೊಟ್ಟೇ ಹೇಳಿದರಂತೆ: "ಊರೊಳಗೆ ಮಾರೋರಿಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ ಸ್ವಾಮಿ. ಎಕ್ಸ್‌ಪೋರ್ಟ್ ಮಾಡಿ. ಒಂದೇ ಒಂದು ಸಲ ಮಾಲು ಹಡಗು ಹತ್ಲಿ, ಕಡಿಮೆ ಬಡ್ಡಿ ಸಾಲ, ಸುಂಕ ವಾಪಸ್ಸು, ಎಲ್ಲಾ ಬರುತ್ತೆ." ಅಪ್ಪಾಜಿ ಹಟ ಹಿಡಿದು ಚೆನ್ನೈನ ಒಬ್ಬ ವ್ಯಾಪಾರಿಯ ಮೂಲಕ ಹೊರದೇಶದ ಆರ್ಡರ್ ತಂದರು. ಅದು ಹಡಗು ಹತ್ತಿದರೆ ಫೌಂಡ್ರಿ ಉಳಿಯಿತು, ಇಲ್ಲವಾದರೆ ಕುಲುಮೆ ಆರಿತು. ಇದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು.

ಸೆಲ್ವಣ್ಣ ಆ ಕಾವಲಿಗಳನ್ನು ಮಕ್ಕಳಿಗೆ ಸ್ನಾನ ಮಾಡಿಸಿದಷ್ಟು ಜೋಪಾನವಾಗಿ ತಿಕ್ಕಿ ಜೋಡಿಸಿದ. ಇನ್ನು ಪೆಟ್ಟಿಗೆಗೆ ತುಂಬುವುದೊಂದೇ ಬಾಕಿ ಎನ್ನುವಾಗ ಅಪ್ಪಾಜಿ ಕಾಗದಪತ್ರದ ಕೆಲಸಕ್ಕೆ ಚೆನ್ನೈಗೆ ಹೋದರು. ಹೊರದೇಶದವರು ಕೇಳಿದ್ದು ಬರಿಯ ಕಬ್ಬಿಣ, ಎಣ್ಣೆ ಪಸೆ ಇಲ್ಲದ್ದು. ಅದನ್ನು ಮನೆಯಲ್ಲಿ ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಅಷ್ಟೊಂದು ಕಾವಲಿಯನ್ನು ಯಾರು ಪಳಗಿಸುತ್ತಾರೆ?

ಗೌರತ್ತೆ ಪಳಗಿಸಿದಳು. "ಹಸಿ ಕಾವಲಿ ಯಾರ ಮನೆಗಾದ್ರೂ ಕಳಿಸ್ತಾರೇನೋ ಸೆಲ್ವಾ? ದೋಸೆ ಏಳ್ದೇ ಇದ್ರೆ ಆ ದೇಶದ ಸೊಸೆ ಪಾಪ, ಅತ್ತೆ ಹತ್ರ ಬೈಸ್ಕೊಳಲ್ವಾ?" ಎಂದಳು. "ಹೌದಕ್ಕಾ, ನಮ್ ಹೆಸ್ರು ಕೆಡುತ್ತೆ" ಎಂದ ಸೆಲ್ವಣ್ಣ ಸೌದೆ ಒಡೆಯಲು ಕೂತೇಬಿಟ್ಟ. ಕೇರಿಯ ಹೆಂಗಸರೆಲ್ಲ ರುಬ್ಬಿದ ಹಿಟ್ಟು ಹೊತ್ತು ಬಂದರು. ಹಿತ್ತಲ ತುಂಬ ಒಲೆ, ಹೊಗೆ, ನಗು. ನಾವು ಮಕ್ಕಳು ಹೊಟ್ಟೆ ಬಿರಿಯುವಷ್ಟು ದೋಸೆ ತಿಂದು, ಸಾಕಾಗಿ ಎಮ್ಮೆಗೂ ತಿನ್ನಿಸಿದೆವು. ನಮ್ಮ ಮನೆಯಲ್ಲಿ ಅಷ್ಟು ಸಂತೋಷವನ್ನು ನಾನು ಮತ್ತೆ ಕಾಣಲಿಲ್ಲ.

ಅಪ್ಪಾಜಿಯ ಜೊತೆಯಲ್ಲೇ ವ್ಯಾಪಾರಿಯ ಕಡೆಯವನು ಮಾಲು ನೋಡಲು ಬಂದ. ಮೊದಲ ಪೆಟ್ಟಿಗೆ ತೆಗೆದ, ಕಾವಲಿಯ ಮೇಲೆ ಬೆರಳಾಡಿಸಿದ, ಮೂಸಿದ. "ಸಾರ್, ಇದು ಯೂಸ್ ಮಾಡಿರೋ ಮಾಲು. ಹೊಸದು ಅಂತ ಕಳ್ಸೋಕಾಗಲ್ಲ" ಎಂದ. ಇನ್ನೆರಡು ಪೆಟ್ಟಿಗೆ ತೆಗೆಸಿದ, ಅವೂ ಹಾಗೆಯೇ. ಗೌರತ್ತೆ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದಳು. ಅತ್ತೆಯ ಮುಖ ನೋಡಲಾರದೆ ನಾನು ಒಳಗೆ ಓಡಿದೆ. ಹೊಸದಾಗಿ ಮಾಡಿಕೊಡುವಷ್ಟು ದಿನವೂ ಉಳಿದಿರಲಿಲ್ಲ, ಕೈಯಲ್ಲಿ ಕಾಸೂ ಇರಲಿಲ್ಲ. ಆರ್ಡರ್ ಹೋಯಿತು. ಮಾಲು ಹಡಗು ಹತ್ತಲಿಲ್ಲವಲ್ಲ, ಸರ್ಕಾರದ ಸಹಾಯವೂ ಬರಲಿಲ್ಲ.

ಆ ಸಂಜೆ ಅಪ್ಪಾಜಿ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತರು. ನಾವೆಲ್ಲ ಬೈಗುಳಕ್ಕೆ ತಯಾರಾಗಿದ್ದೆವು.

"ಅಕ್ಕಾ, ಅಷ್ಟೂ ಕಾವಲೀಲಿ ದೋಸೆ ಎದ್ವಾ?"

"ಒಂದೂ ಹಿಡೀಲಿಲ್ಲ ಕಣೋ," ಎಂದಳು ಅತ್ತೆ. ಅಳುತ್ತಿದ್ದಳು.

"ಮತ್ತೆ ಮಾಲು ಚೆನ್ನಾಗೇ ಇತ್ತು ಬಿಡು. ಒಂದು ದೋಸೆ ಹಾಕು."

ಕುಲುಮೆ ಆ ವರ್ಷವೇ ಆರಿತು. ಸೆಲ್ವಣ್ಣ ಕೊಯಮತ್ತೂರಿಗೆ ಹೋದ. ಕಾವಲಿಗಳು ಬಂದಷ್ಟಕ್ಕೆ ಊರಲ್ಲೇ ಹಂಚಿಹೋದವು. ಅಪ್ಪಾಜಿ ಶಿವಮೊಗ್ಗದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು, ಆ ವಿಷಯ ಮತ್ತೆ ಎತ್ತಲಿಲ್ಲ. ಎತ್ತದಿದ್ದುದೇ ಅತ್ತೆಗೆ ಹೆಚ್ಚು ನೋವಾಯಿತೇನೋ. ಯಾರ ಮನೆಯಲ್ಲಿ ಹೊಸ ಕಾವಲಿ ತಂದು ಕರೆದರೂ "ನನ್ನ ಕೈ ಬೇಡ ಮಾರಾಯ್ತಿ, ಒಂದು ಫೌಂಡ್ರಿ ಮುಳುಗಿಸಿದ ಕೈ ಇದು" ಎನ್ನುತ್ತಿದ್ದಳು. ಸಾಯುವವರೆಗೂ ಹಾಗೇ ಅಂದಳು.

ಹೋದ ತಿಂಗಳು ನೆಂಟರನ್ನು ಸೋಗಾನೆಯಲ್ಲಿ ವಿಮಾನ ಹತ್ತಿಸಿ ಬರುವಾಗ ಪೇಟೆಯ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಬೀಡಿನ ಕಾವಲಿಗಳನ್ನು ಬಣ್ಣದ ಡಬ್ಬದಲ್ಲಿಟ್ಟು ಸಾಲಾಗಿ ಜೋಡಿಸಿದ್ದರು. ಮಾರುವ ಹುಡುಗಿ ಉತ್ಸಾಹದಿಂದ ಹೇಳಿದಳು: "ಮೇಡಂ, ಇದು ಎಕ್ಸ್‌ಪೋರ್ಟ್ ಕ್ವಾಲಿಟಿ. ಫಾರಿನ್ನೋರು ಈಗ ಇಂಥದ್ದೇ ಕೇಳ್ತಾರೆ. ಫ್ಯಾಕ್ಟ್ರೀಲೇ ಎಣ್ಣೆ ಹಚ್ಚಿ ಪಳಗಿಸಿ ಕಳಿಸ್ತಾರೆ, ಅದಕ್ಕೇ ರೇಟು ಜಾಸ್ತಿ."

ನಾನು ಡಬ್ಬ ಕೈಗೆತ್ತಿಕೊಂಡೆ. ಮನೆಗೆ ಓಡಿಹೋಗಿ ಅತ್ತೆಗೆ ಹೇಳಬೇಕು ಅನ್ನಿಸಿತು. ಹೇಳಲು ಅತ್ತೆ ಇರಲಿಲ್ಲ.